ಗ್ರಾಮಸ್ತ್ರೀಯರ ಚರಿತ್ರೆಯೂ ಮನೆಯ ಹಳೆಯ ಕಾಗದಗಳೂ

ಚರಿತ್ರೆಯೆಂದರೆ ಅರಸರ ವಂಶಾವಳಿಯೂ ಯುದ್ಧಗಳ ಪಟ್ಟಿಯೂ ಮಾತ್ರವೇ ಎಂಬ ಭಾವನೆಯು ನಮ್ಮಲ್ಲಿ ಬಹುಕಾಲ ನೆಲೆಸಿದ್ದಿತು. ಈಗ ಆ ಭಾವನೆಯು ಸಡಿಲವಾಗಿದೆ. ಕೆರೆಗೆ ಮಣ್ಣು ಹೊತ್ತವರ, ರಾಗಿಯನ್ನು ಬೀಸಿದವರ, ಮಕ್ಕಳನ್ನು ಸಾಕಿ ಮನೆತನವನ್ನು ನಿಲ್ಲಿಸಿದವರ ಬಾಳೂ ಚರಿತ್ರೆಯೇ ಎಂಬುದನ್ನು ಇಂದು ಯಾವ ವಿವೇಕಿಯೂ ಅಲ್ಲಗಳೆಯಲಾರನು. ಆದರೆ ಒಪ್ಪಿಕೊಳ್ಳುವುದು ಬೇರೆ, ಬರೆಯುವುದು ಬೇರೆ. ಬರೆಯಬೇಕಾದರೆ ಆಧಾರವು ಬೇಕು. ಅರಸರಿಗೆ ಶಾಸನಗಳಿವೆ, ಸರ್ಕಾರಕ್ಕೆ ದಫ್ತರಗಳಿವೆ, ವರ್ತಕರಿಗೆ ಖಾತೆಗಳಿವೆ. ಒಂದು ಊರಿನ ಹೆಣ್ಣುಮಕ್ಕಳಿಗೆ ಏನಿದೆ? ಈ ಪ್ರಶ್ನೆಗೆ ಉತ್ತರವನ್ನು ಹುಡುಕುತ್ತ ಹೋದವರು ಕೊನೆಗೆ ಬಂದು ನಿಲ್ಲುವುದು ಮನೆಯ ಅಟ್ಟದ ಮೇಲಿನ ತಗಡಿನ ಪೆಟ್ಟಿಗೆಯ ಮುಂದೆ. ಉತ್ಸವದ ಕಾಲವು ಹಿಂದಿನದನ್ನು ಸ್ಮರಿಸುವ ಕಾಲವಾದುದರಿಂದ, ಆ ಪೆಟ್ಟಿಗೆಯ ವಿಚಾರವನ್ನು ಈ ಸಂಚಿಕೆಯ ವಾಚಕರ ಮುಂದಿಡುವುದು ಅನುಚಿತವಾಗಲಾರದೆಂದು ಭಾವಿಸಿದ್ದೇನೆ.

ಬೆಂಗಳೂರಿನ ಪೂರ್ವಕ್ಕಿರುವ ಕಾಡುಗೋಡಿಯನ್ನೇ ದೃಷ್ಟಾಂತವಾಗಿ ತೆಗೆದುಕೊಳ್ಳೋಣ. ಇದು ನಿನ್ನೆ ಮೊನ್ನೆ ಹುಟ್ಟಿದ ಊರಲ್ಲ. ರಾಜೇಂದ್ರ ಚೋಳನ ಆಳ್ವಿಕೆಗೆ ಸೇರಿದ ಕ್ರಿ. ಶ. ೧೦೪೩ರ ಶಾಸನವೊಂದು ಇಲ್ಲಿ ದೊರೆತಿದೆ. ನೆರೆಯ ಪಟ್ಟಂದೂರಿನ ಕೆರೆಯನ್ನು ಕಟ್ಟಿಸಿದುದೂ, ದುರ್ಗೆ, ಕ್ಷೇತ್ರಪಾಲ, ಗಣಪತಿಗಳನ್ನು ಪ್ರತಿಷ್ಠಿಸಿದುದೂ ಅದರಲ್ಲಿ ಉಕ್ತವಾಗಿವೆ. ಸುಮಾರು ಸಾವಿರ ವರ್ಷಗಳ ಹಿಂದೆ ಈ ಪ್ರಾಂತದಲ್ಲಿ ಒಕ್ಕಲುತನವು ನೆಲೆಗೊಂಡಿತ್ತೆಂಬುದಕ್ಕೆ ಇದಕ್ಕಿಂತ ಮಿಗಿಲಾದ ಸಾಕ್ಷ್ಯವು ಬೇಡ. ಶಾಸನವು ಕೆರೆಯನ್ನು ಕಟ್ಟಿಸಿದವನ ಹೆಸರನ್ನು ಹೇಳುತ್ತದೆ. ದೇವತೆಯಾದ ದುರ್ಗೆಯ ಹೆಸರನ್ನೂ ಹೇಳುತ್ತದೆ. ಕೆರೆಯ ಏರಿಗೆ ಮಣ್ಣು ಹೊತ್ತ ಹೆಂಗಸರ ಹೆಸರನ್ನು ಹೇಳುವುದು ಅಂತಹ ಶಾಸನಗಳ ವಾಡಿಕೆಯಲ್ಲ. ಕಟ್ಟಿಸಿದವನು ಕಲ್ಲಿನಲ್ಲಿ ಉಳಿದನು. ಕಟ್ಟಿದವರು ಮಣ್ಣಿನಲ್ಲಿ ಸೇರಿದರು.

ಕಲ್ಲು ಸ್ತ್ರೀಯರನ್ನು ಮರೆತೇಬಿಟ್ಟಿತೆಂದು ಹೇಳಲಾಗದು. ನಮ್ಮ ನಾಡಿನ ಎಷ್ಟೋ ಊರ ಹೊರಗೆ ಮಾಸ್ತಿಕಲ್ಲುಗಳು ನಿಂತಿವೆ. ಆ ಕಲ್ಲುಗಳಲ್ಲಿ ಅನೇಕವೇಳೆ ಕಾಣುವುದು ಮೇಲಕ್ಕೆತ್ತಿದ ಒಂದು ತೋಳು, ಅದರ ತುಂಬ ಬಳೆ, ಅಷ್ಟೇ. ಮುಖವಿಲ್ಲ, ಬಹುಮಟ್ಟಿಗೆ ಹೆಸರೂ ಇಲ್ಲ. ಹೆಸರು ಉಳಿದ ಅಪೂರ್ವ ಪ್ರಸಂಗವೆಂದರೆ ೧೦೫೭ರ ಬೆಳತೂರು ಶಾಸನದ ದೇಕಬ್ಬೆಯದು. ಈ ಬೆಳತೂರು ಕಾಡುಗೋಡಿಯ ಮಗ್ಗುಲಿನ ಬೆಳತೂರಲ್ಲ, ಹೆಗ್ಗಡದೇವನಕೋಟೆಯ ಸೀಮೆಯದು. ಗಂಡನ ಮರಣವಾರ್ತೆಯನ್ನು ಕೇಳಿ, ಹೆತ್ತವರು ತಡೆದರೂ ನಿಲ್ಲದೆ, ಅವಳು ಅಗ್ನಿಯನ್ನು ಪ್ರವೇಶಿಸಿದುದನ್ನು ಆ ಶಾಸನವು ಕರುಳು ಮಿಡಿಯುವಂತೆ ವರ್ಣಿಸಿದೆ. ಆದರೆ ಅವಳು ಬದುಕಿದ್ದಾಗ ಏನನ್ನು ಬೆಳೆದಳು, ಏನನ್ನು ಹಾಡಿದಳು, ಯಾವುದಕ್ಕೆ ನಕ್ಕಳು ಎಂಬುದನ್ನು ನಾವು ಅಲ್ಲಿ ಅರಸಬಾರದು. ಅವಳ ಸಾವಿನ ದಿನವನ್ನು ಬರೆದಿಟ್ಟ ಲೋಕಕ್ಕೆ ಅವಳ ಬಾಳಿನ ದಿನಗಳು ಬೇಕಾಗಿರಲಿಲ್ಲ.

ಇದಕ್ಕೆ ಪ್ರತಿಯಾಗಿ, ಸ್ಮರಣೆಯನ್ನು ಕಾಪಾಡುವ ಕಾರ್ಯವನ್ನು ಸ್ತ್ರೀಯೇ ಕೈಗೊಂಡ ಉಜ್ವಲವಾದ ನಿದರ್ಶನವೂ ನಮ್ಮಲ್ಲಿದೆ. ೧೦೦೭ರ ಲಕ್ಕುಂಡಿಯ ಶಾಸನದಲ್ಲಿ ಕೀರ್ತಿತಳಾದ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ೧,೦೦೦ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ಸರ್ವವಿದಿತ. ಮುದ್ರಣವಿಲ್ಲದ ಕಾಲದಲ್ಲಿ ಒಂದು ಗ್ರಂಥವು ಉಳಿಯುವುದು ಅದರ ಪ್ರತಿಗಳ ಸಂಖ್ಯೆಯಿಂದ ಎಂಬ ತತ್ತ್ವವನ್ನು ಆಕೆಯು ಅರಿತಿದ್ದಳು. ಒಂದೇ ಓಲೆಯಾದರೆ ಒಂದೇ ಗೆದ್ದಲಿಗೆ ಮುಗಿಯಿತು. ಸಾವಿರವಾದರೆ ಎಲ್ಲಿಯೋ ಒಂದು ಉಳಿದೀತು. ಈ ತತ್ತ್ವವು ಇಂದಿಗೂ ಸುಳ್ಳಾಗಿಲ್ಲ.

ಇನ್ನು ನಮ್ಮ ಶರಣೆಯರ ವಿಚಾರ. ಹನ್ನೆರಡನೆಯ ಶತಮಾನದಿಂದ ಮುಂದಕ್ಕೆ ವಚನಗಳನ್ನು ರಚಿಸಿದ ಮೂವತ್ತಕ್ಕೂ ಹೆಚ್ಚು ಸ್ತ್ರೀಯರ ಹೆಸರುಗಳು ನಮಗೆ ತಿಳಿದಿವೆ. ಅವರಲ್ಲಿ ಹಲವರ ಹೆಸರಿನೊಡನೆ ಅವರ ಕಾಯಕವೂ ಅಂಟಿಕೊಂಡಿದೆ. ಆಯ್ದಕ್ಕಿಯ ಲಕ್ಕಮ್ಮನು ಚೆಲ್ಲಿದ ಅಕ್ಕಿಯನ್ನು ಆಯುವ ಕಾಯಕದ ದಂಪತಿಗಳಲ್ಲಿ ಒಬ್ಬಳು. ಕೊಟ್ಟಣದ ಸೋಮವ್ವೆಯು ಭತ್ತ ಕುಟ್ಟುವವಳು. ಕದಿರ ರೆಮ್ಮವ್ವೆಯು ನೂಲುವವಳು. ಲಕ್ಕಮ್ಮನ ಅಂಕಿತವು ‘ಮಾರಯ್ಯಪ್ರಿಯ’ ಎಂದು ಗಂಡನ ಹೆಸರಿನಿಂದಲೇ ಮೊದಲಾಗುವುದನ್ನೂ ಇಲ್ಲಿ ಗಮನಿಸಬಹುದು. ಸೋಮವ್ವೆಯದಾಗಿ ನಮಗೆ ಉಳಿದಿರುವುದು ಒಂದೇ ಒಂದು ವಚನ. ಸೂಳೆ ಸಂಕವ್ವೆಯದೂ ಹಾಗೆಯೇ. ಆ ಒಂದು ವಚನವನ್ನು ಹೊತ್ತ ಓಲೆಗಳು ಹುಳುವಿಗೆ ತುತ್ತಾಗಿದ್ದ ಪಕ್ಷದಲ್ಲಿ, ಆ ಮಹಿಳೆಯ ವಾಣಿಯೇ ಇಲ್ಲವಾಗುತ್ತಿತ್ತು. ಚರಿತ್ರೆಯಲ್ಲಿ ಇರುವುದಕ್ಕೂ ಇಲ್ಲದಿರುವುದಕ್ಕೂ ನಡುವಣ ಅಂತರವು ಕೆಲವು ವೇಳೆ ಒಂದು ಓಲೆಗರಿಯ ದಪ್ಪದಷ್ಟೇ.

ಆ ಓಲೆಗಳು ಎಲ್ಲಿದ್ದವು? ಮಠಗಳಲ್ಲಿದ್ದವು, ಸರಿ, ಆದರೆ ಗೃಹಸ್ಥರ ಮನೆಗಳ ಜಗುಲಿಯಲ್ಲಿಯೂ ಅಟ್ಟದಲ್ಲಿಯೂ ಇದ್ದವು. ವಿಭೂತಿಯನ್ನು ಹಚ್ಚಿ, ಕೆಂಪು ವಸ್ತ್ರದಲ್ಲಿ ಸುತ್ತಿ, ಪೂಜೆಗೆ ಇಟ್ಟ ಕಟ್ಟುಗಳವು. ಓದುವವರಿಲ್ಲದಿದ್ದರೂ ಪೂಜಿಸುವವರಿದ್ದರು, ಆ ಪೂಜೆಯನ್ನು ತಲೆಮಾರಿನಿಂದ ತಲೆಮಾರಿಗೆ ನಡೆಸಿಕೊಂಡು ಬಂದವರಲ್ಲಿ ಮನೆಯ ಹೆಂಗಸರೂ ಇದ್ದರು. ಫ. ಗು. ಹಳಕಟ್ಟಿಯವರು ಇಂತಹ ಕಟ್ಟುಗಳನ್ನು ಮನೆಮನೆಗೆ ಅಲೆದು ಸಂಗ್ರಹಿಸಿ, ೧೯೨೩ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಬೆಳಕಿಗೆ ತಂದರು, ೧೯೨೬ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ೧೯೯೩ರಲ್ಲಿ ಕರ್ನಾಟಕ ಸರ್ಕಾರವು ಸಮಗ್ರ ವಚನಸಂಪುಟಗಳನ್ನು ಹೊರತಂದಾಗ, ಡಾ. ವೀರಣ್ಣ ರಾಜೂರರು ಸಂಪಾದಿಸಿದ ಐದನೆಯ ಸಂಪುಟವು ಪೂರ್ಣವಾಗಿ ಶಿವಶರಣೆಯರಿಗೆ ಮೀಸಲಾಯಿತು. ಮನೆಯ ಅಟ್ಟದ ಮೇಲೆ ಧೂಳು ಹಿಡಿದಿದ್ದ ಕಟ್ಟು ಎಪ್ಪತ್ತು ವರ್ಷಗಳೊಳಗೆ ನಾಡಿನ ನಿಧಿಯಾಯಿತು. ಆದಕಾರಣ, ಇಂದು ನಮ್ಮ ಮನೆಯ ಅಟ್ಟದಲ್ಲಿರುವುದನ್ನು ‘ಹಳೆಯ ಕಸ’ವೆಂದು ಕರೆಯುವ ಮೊದಲು ನಾವು ಒಂದು ಕ್ಷಣ ನಿಲ್ಲಬೇಕು.

ಓಲೆಯ ಕಾಲವು ಹೋಗಿ ಮುದ್ರಣದ ಕಾಲವು ಬಂದ ಮೇಲೆ ಮರೆವೆಯು ಕಡಮೆಯಾಯಿತೆಂದು ತಿಳಿಯುವುದು ಭ್ರಮೆ. ನಂಜನಗೂಡು ತಿರುಮಲಾಂಬಾ ಅವರ ವೃತ್ತಾಂತವೇ ಇದಕ್ಕೆ ಸಾಕ್ಷಿ. ೧೮೮೭ರಲ್ಲಿ ಜನಿಸಿ, ಎಳೆಯ ವಯಸ್ಸಿನಲ್ಲಿಯೇ ವೈಧವ್ಯವನ್ನು ಹೊಂದಿದ ಈಕೆಯು ೧೯೧೩ರಲ್ಲಿ ‘ಸತೀಹಿತೈಷಿಣೀ’ ಗ್ರಂಥಮಾಲೆಯನ್ನು ಸ್ಥಾಪಿಸಿದಳು; ‘ಸುಶೀಲೆ’ ಮೊದಲಾದ ಕಾದಂಬರಿಗಳನ್ನು ಬರೆದಳು; ‘ಕರ್ನಾಟಕನಂದಿನಿ’, ‘ಸನ್ಮಾರ್ಗದರ್ಶಿ’ ಎಂಬ ಪತ್ರಿಕೆಗಳನ್ನು ತಾನೇ ನಡೆಸಿದಳು. ಲೇಖಕಿಯೂ ಪ್ರಕಾಶಕಿಯೂ ಸಂಪಾದಕಿಯೂ ಆಗಿದ್ದ ಈ ಸಾಹಸಿಯನ್ನು ಕನ್ನಡನಾಡು, ಅವಳು ಬದುಕಿರುವಾಗಲೇ, ಮರೆತಿತು. ೧೯೮೨ರಲ್ಲಿ ಆಕೆಯು ಕಾಲವಾದಳು. ಬೆಂಗಳೂರಿನ ಎನ್. ಎಂ. ಕೆ. ಆರ್. ವಿ. ಮಹಿಳಾ ಕಾಲೇಜಿನ ಪ್ರಾಂಶುಪಾಲರಾಗಿದ್ದ ಡಾ. ಚಿ. ನ. ಮಂಗಳಾ ಅವರು ಆಕೆಯ ಬಾಳನ್ನೂ ಬರೆಹವನ್ನೂ ಕುರಿತು ಬರೆದು ಆ ಹೆಸರನ್ನು ಮತ್ತೆ ನಾಡಿನ ನಾಲಗೆಯ ಮೇಲೆ ತಂದರು. ಅದೇ ಕಾಲೇಜಿನಲ್ಲಿ ಅವರು ಕಟ್ಟಿದ ‘ಶಾಶ್ವತಿ’ ಎಂಬ ಸಂಸ್ಥೆಯು ಮಹಿಳೆಯರಿಗೆ ಸಂಬಂಧಿಸಿದ ವಸ್ತುಗಳ ಸಂಗ್ರಹಾಲಯವನ್ನು ಏರ್ಪಡಿಸಿ, ಹೆಂಗಸರು ದಿನನಿತ್ಯ ಬಳಸಿದ ಸಾಮಗ್ರಿಗಳೂ ಚರಿತ್ರೆಯ ಆಧಾರಗಳೆಂಬುದನ್ನು ತೋರಿಸಿಕೊಟ್ಟಿತು.

ಕೊಡಗಿನ ಗೌರಮ್ಮನು ೧೯೧೨ರಲ್ಲಿ ಹುಟ್ಟಿ ೧೯೩೯ರಲ್ಲಿ, ಇಪ್ಪತ್ತೇಳರ ಪ್ರಾಯದಲ್ಲಿ, ನೀರುಪಾಲಾದಳು. ‘ಕಂಬನಿ’, ‘ಚಿಗುರು’ ಎಂಬ ಆಕೆಯ ಕಥಾಸಂಗ್ರಹಗಳು ಪುಸ್ತಕರೂಪದಲ್ಲಿ ಕಾಣಿಸಿಕೊಂಡದ್ದು ಆಕೆಯು ಹೋದ ಮೇಲೆ. ಅವಳ ಕಾಗದಗಳನ್ನು ಬೆಲೆಯುಳ್ಳವೆಂದು ತಿಳಿದವರು ಹತ್ತಿರದಲ್ಲಿದ್ದುದರಿಂದ ನಮಗೆ ಒಬ್ಬ ಕಥೆಗಾರ್ತಿಯು ದೊರೆತಳು. ಮರಾಠಿಯ ಆವರಣವಾದ ಸೊಲ್ಲಾಪುರದಲ್ಲಿದ್ದುಕೊಂಡು ಕನ್ನಡದ ದೀಪವನ್ನು ಹಿಡಿದ, ಸಿದ್ಧರಾಮನ ಪುರಾಣವನ್ನು ತ್ರಿಪದಿಯಲ್ಲಿ ಹಾಡಿದ, ೧೯೭೪ರ ಮಂಡ್ಯದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷೆಯಾದ ಪ್ರಥಮ ಮಹಿಳೆ ಜಯದೇವಿತಾಯಿ ಲಿಗಾಡೆಯವರ ಹೆಸರನ್ನು ನಮ್ಮ ವಾಚಕರಿಗೆ ಪರಿಚಯಿಸಬೇಕಾಗಿಲ್ಲ. ಇವರೆಲ್ಲರೂ ಬರೆದವರು, ಬರೆದುದರಿಂದ ಹೇಗೋ ಉಳಿದವರು. ಆದರೆ ಊರಿನ ನೂರು ಮನೆಗಳಲ್ಲಿ ಗ್ರಂಥವನ್ನು ಬರೆದ ಹೆಂಗಸು ಒಬ್ಬಳೂ ಇರಲಾರಳು. ಅವರ ಚರಿತ್ರೆಗೆ ಆಧಾರವೇನು?

ಪರದೇಶಗಳಲ್ಲಿ ಈ ಪ್ರಶ್ನೆಯನ್ನು ಎತ್ತಿ ಉತ್ತರವನ್ನೂ ಕಂಡುಕೊಂಡವರಿದ್ದಾರೆ. ಅಮೆರಿಕ ದೇಶದ ನ್ಯೂಯಾರ್ಕ್ ಸಂಸ್ಥಾನದ ಜಿನೀವಾ ಎಂಬ ಪಟ್ಟಣದಲ್ಲಿ ಎಲಿಜಬೆತ್ ಸ್ಮಿತ್ ಮಿಲ್ಲರ್ ಎಂಬ ತಾಯಿಯೂ ಆನ್ ಫಿಟ್ಸ್‌ಹ್ಯೂ ಮಿಲ್ಲರ್ ಎಂಬ ಮಗಳೂ ಸ್ತ್ರೀಯರ ಮತದಾನದ ಹಕ್ಕಿಗಾಗಿ ಕೆಲಸಮಾಡುತ್ತಿದ್ದರು. ೧೮೯೭ರಿಂದ ೧೯೧೧ರವರೆಗೆ ಅವರು ವೃತ್ತಪತ್ರಿಕೆಯ ತುಣುಕುಗಳನ್ನೂ ಸಭೆಯ ಆಹ್ವಾನಗಳನ್ನೂ ಪತ್ರಗಳನ್ನೂ ಭಾವಚಿತ್ರಗಳನ್ನೂ ಅಂಟಿಸಿದ ಏಳು ಅಂಟುಪುಸ್ತಕಗಳು ಇಂದು ಆ ದೇಶದ ರಾಷ್ಟ್ರೀಯ ಗ್ರಂಥಭಂಡಾರದಲ್ಲಿ ಆದರದಿಂದ ರಕ್ಷಿತವಾಗಿವೆ. ಅಂಟಿಸುವಾಗ ಅವರು ಚರಿತ್ರೆಯನ್ನು ಬರೆಯುತ್ತಿರಲಿಲ್ಲ. ತಮ್ಮ ಊರಿನಲ್ಲಿ ನಡೆದುದನ್ನು ಎಸೆಯದೆ ಇಟ್ಟುಕೊಂಡರು, ಅಷ್ಟೇ. ನಮ್ಮ ದೇಶದಲ್ಲಿಯೂ ೧೯೮೮ರಲ್ಲಿ ಲೇಖಕಿ ಸಿ. ಎಸ್. ಲಕ್ಷ್ಮಿಯವರು ತಮ್ಮ ಗೆಳತಿಯರೊಡನೆ ಮುಂಬಯಿಯಲ್ಲಿ ‘ಸ್ಪ್ಯಾರೋ’ ಎಂಬ ಹೆಸರಿನ ಸಂಗ್ರಹಾಲಯವನ್ನು ಸ್ಥಾಪಿಸಿ, ಮಹಿಳೆಯರ ಧ್ವನಿಯನ್ನೂ ಚಿತ್ರಗಳನ್ನೂ ಕೂಡಿಡುವ ಕಾರ್ಯವನ್ನು ಆರಂಭಿಸಿದರು.

ಈಗ ಕಾಡುಗೋಡಿಗೆ ಹಿಂದಿರುಗೋಣ. ಈ ಸೀಮೆಯಲ್ಲಿ ಕಾಲಚಕ್ರವು ತಿರುಗಿದ ವೇಗವನ್ನು ನೋಡಿರಿ. ೧೮೬೪ರಲ್ಲಿ ಮದರಾಸಿನ ಕಡೆಯಿಂದ ಉಗಿಬಂಡಿಯು ಬೆಂಗಳೂರಿನ ದಂಡು ಪ್ರದೇಶವನ್ನು ಮುಟ್ಟಿತು. ಆ ದಾರಿಯ ವೈಟ್‌ಫೀಲ್ಡ್ ನಿಲ್ದಾಣವು ಇರುವುದು ಕಾಡುಗೋಡಿಯಲ್ಲಿಯೇ. ೧೮೮೨ರಲ್ಲಿ ಚಾಮರಾಜ ಒಡೆಯರ ಸರ್ಕಾರವು ಯುರೇಷಿಯನ್ ಮತ್ತು ಆಂಗ್ಲೋ-ಇಂಡಿಯನ್ ಸಂಘಕ್ಕೆ ೩,೯೦೦ ಎಕರೆ ಭೂಮಿಯನ್ನು ಕೊಟ್ಟುದರಿಂದ ವೈಟ್‌ಫೀಲ್ಡ್ ಎಂಬ ವಸಾಹತು ಹುಟ್ಟಿತು. ೧೯೪೮ರಲ್ಲಿ ಕೃಷ್ಣರಾಜಪುರದ ಬಳಿ ದೂರವಾಣಿಯ ಕಾರ್ಖಾನೆಯು ಸ್ಥಾಪಿತವಾಗಿ, ಮುಂದೆ ಹೆಣ್ಣುಮಕ್ಕಳೂ ಅಲ್ಲಿ ಕೆಲಸಕ್ಕೆ ಸೇರಿದರು. ಇಪ್ಪತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಗಣಕಯಂತ್ರದ ಉದ್ಯಮಗಳ ಭವ್ಯಸೌಧಗಳು ರಾಗಿಯ ಹೊಲಗಳ ನಡುವೆ ಎದ್ದವು. ೨೦೦೭ರಲ್ಲಿ ಈ ಗ್ರಾಮಗಳು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯೊಳಗೆ ಸೇರಿದವು. ೨೦೨೩ರ ಮಾರ್ಚಿಯಲ್ಲಿ ಮೆಟ್ರೋ ರೈಲು ಕಾಡುಗೋಡಿಯವರೆಗೆ ಬಂದಿತು. ಅಜ್ಜಿಯು ಎಮ್ಮೆ ಕರೆದು ಹಾಲು ಮಾರಿದ ಜಾಗದಲ್ಲಿ ಮೊಮ್ಮಗಳು ಗಾಜಿನ ಮಹಡಿಯ ಮೇಲೆ ಕುಳಿತು ದೇಶಾಂತರದ ಲೆಕ್ಕವನ್ನು ಬರೆಯುತ್ತಾಳೆ. ಒಂದೇ ಕುಟುಂಬದ ಮೂರು ತಲೆಮಾರಿನ ಹೆಂಗಸರಲ್ಲಿ ಇಷ್ಟು ದೊಡ್ಡ ಅಂತರವು ಬೇರೆ ಯಾವ ಕಾಲದಲ್ಲಿಯೂ ಆಗಿರಲಾರದು.

ಈ ಬದಲಾವಣೆಯ ಚರಿತ್ರೆಯಲ್ಲಿ ಎಕರೆಯ ಲೆಕ್ಕ, ರಸ್ತೆಯ ಲೆಕ್ಕ, ಕಟ್ಟಡಗಳ ಲೆಕ್ಕ ಸರ್ಕಾರದ ಕಡತಗಳಲ್ಲಿ ಭದ್ರವಾಗಿವೆ. ಹೆಂಗಸರ ಲೆಕ್ಕವು ಹಳೆಯ ಮನೆಗಳಲ್ಲಿದೆ. ಆ ಮನೆಗಳೋ ಒಂದೊಂದಾಗಿ ಬೀಳುತ್ತಿವೆ. ಹೆಂಚಿನ ಮನೆಯನ್ನು ಕೆಡವಿ ಮಹಡಿಯ ಮನೆಯನ್ನು ಎತ್ತುವಾಗ ಹಿತ್ತಾಳೆಯ ಪಾತ್ರೆಗೆ ಗಿರಾಕಿ ಸಿಕ್ಕುತ್ತಾನೆ, ತೇಗದ ಕಂಬಕ್ಕೆ ಗಿರಾಕಿ ಸಿಕ್ಕುತ್ತಾನೆ; ಅಜ್ಜಿಯ ಪೆಟ್ಟಿಗೆಯೊಳಗಣ ಕಾಗದಗಳಿಗೆ ಬೆಂಕಿಯೇ ಗತಿ. ಆದುದರಿಂದ ಈ ಕಾಗದಗಳಲ್ಲಿ ಏನಿರುತ್ತದೆ, ಅವುಗಳನ್ನು ಓದುವ ಬಗೆ ಹೇಗೆ ಎಂಬುದನ್ನು ಸ್ವಲ್ಪ ವಿವರವಾಗಿ ವಿಚಾರಿಸುವುದು ಅವಶ್ಯ.

ಮೊದಲನೆಯದು ಮುಯ್ಯಿಯ ಪುಸ್ತಕ. ಮದುವೆಯಲ್ಲಿ ಯಾರು ಎಷ್ಟು ಮುಯ್ಯಿ ಮಾಡಿದರೆಂದು ಬರೆದಿಟ್ಟ ಈ ಪುಟ್ಟ ಲೆಕ್ಕವು ನೋಡುವುದಕ್ಕೆ ಅಲ್ಪವಾದುದು. ಆದರೆ ಅದರಲ್ಲಿ ಬಂಧುಗಳು ಯಾವ ಯಾವ ಊರಿನಿಂದ ಬಂದರು, ಹೆಣ್ಣನ್ನು ಎಷ್ಟು ದೂರಕ್ಕೆ ಕೊಡುತ್ತಿದ್ದರು, ಯಾವ ಕುಲದವರು ಯಾರ ಮನೆಯ ಶುಭಕಾರ್ಯಕ್ಕೆ ಬರುತ್ತಿದ್ದರು, ಒಂದು ರೂಪಾಯಿಯ ಬೆಲೆ ಎಷ್ಟಾಗಿತ್ತು ಎಂಬುದೆಲ್ಲ ಅಡಗಿದೆ. ಮೂರು ತಲೆಮಾರಿನ ಮುಯ್ಯಿಯ ಪುಸ್ತಕಗಳು ಒಂದು ಮನೆಯಲ್ಲಿ ದೊರೆತರೆ, ಆ ಸೀಮೆಯ ಸಂಬಂಧಗಳ ನಕ್ಷೆಯನ್ನೇ ಬರೆಯಬಹುದು.

ಎರಡನೆಯದು ಹಾಡಿನ ಪುಸ್ತಕ. ಹೆಳವನಕಟ್ಟೆ ಗಿರಿಯಮ್ಮನಂತಹವರ ಹಾಡುಗಳು ಶತಮಾನಗಳ ಕಾಲ ಹೆಂಗಸರ ಬಾಯಿಯಲ್ಲಿ ಬದುಕಿದವು. ಅಕ್ಷರ ಬಂದ ಮೇಲೆ ಹೆಣ್ಣುಮಕ್ಕಳು ಆರತಿಯ ಹಾಡು, ಬೀಗರ ಹಾಡು, ಜೋಗುಳ, ಬೀಸುವ ಪದಗಳನ್ನು ನೋಟುಪುಸ್ತಕಗಳಲ್ಲಿ ಬರೆದುಕೊಂಡರು. ಅದೇ ಪುಸ್ತಕದ ಹಿಂದಿನ ಪುಟಗಳಲ್ಲಿ ರಂಗವಲ್ಲಿಯ ಚುಕ್ಕಿಗಳು, ಬಾಣಂತಿಯ ಕಷಾಯ, ಹಪ್ಪಳದ ಅಳತೆ, ಮಗುವಿನ ಜನ್ಮನಕ್ಷತ್ರ. ಗಡಿಸೀಮೆಯ ಇಂತಹ ಊರುಗಳಲ್ಲಿ ಕನ್ನಡದ ಹಾಡಿನ ಮಗ್ಗುಲಲ್ಲಿಯೇ ತೆಲುಗು, ತಮಿಳು ಹಾಡುಗಳು ಕನ್ನಡಲಿಪಿಯಲ್ಲಿ ಕಾಣಿಸಿಕೊಂಡರೆ ಆಶ್ಚರ್ಯವಿಲ್ಲ. ಸೊಸೆಯಾಗಿ ಬಂದವಳು ತವರಿನ ಭಾಷೆಯನ್ನು ಎಲ್ಲಿಟ್ಟಿದ್ದಳೆಂಬುದಕ್ಕೆ ಆ ಪುಟವೇ ಸಾಕ್ಷಿ.

ಮೂರನೆಯದು ಅಂಟುಪುಸ್ತಕ. ನಮ್ಮ ಹೆಂಗಸರು ಅದಕ್ಕೆ ಆ ಹೆಸರನ್ನು ಇಡಲಿಲ್ಲ. ಮಕ್ಕಳ ಹಳೆಯ ನೋಟುಪುಸ್ತಕವೋ, ಕಳೆದ ವರ್ಷದ ದಿನಚರಿಯೋ ದೊರೆತರೆ ಅದರಲ್ಲಿ ಬೇಕಾದುದನ್ನು ಅಂಟಿಸುತ್ತಿದ್ದರು. ೧೯೪೮ರಲ್ಲಿ ‘ಪ್ರಜಾವಾಣಿ’ಯೂ ೧೯೬೫ರಲ್ಲಿ ‘ಸುಧಾ’ ವಾರಪತ್ರಿಕೆಯೂ ಆರಂಭವಾದ ಮೇಲೆ, ಧಾರಾವಾಹಿಯಾಗಿ ಬಂದ ಕಾದಂಬರಿಗಳನ್ನು ವಾರವಾರವೂ ಕತ್ತರಿಸಿ, ಕ್ರಮವಾಗಿ ಜೋಡಿಸಿ, ಹೊಲಿದು, ನೆರೆಹೊರೆಗೆ ಓದಲು ಕೊಡುವುದು ಎಷ್ಟೋ ಮನೆಗಳಲ್ಲಿ ರೂಢಿಯಾಗಿತ್ತು. ಯಾವ ಕಥೆಯನ್ನು ಕತ್ತರಿಸಿದಳು, ಯಾವ ಸಾಲಿನ ಕೆಳಗೆ ಗೆರೆ ಎಳೆದಳು, ಯಾವ ಚಿತ್ರವನ್ನು ಅಂಟಿಸಿ ಮತ್ತೆ ಕಿತ್ತಳು ಎಂಬುದರಿಂದ ಅವಳ ಮನಸ್ಸಿನ ಇಂಗಿತವು ತಿಳಿಯುತ್ತದೆ. ತನ್ನ ಅಭಿಪ್ರಾಯವನ್ನು ಹೇಳುವ ಅವಕಾಶವಿಲ್ಲದವಳು ಕತ್ತರಿಯಿಂದ ಅದನ್ನು ಹೇಳಿದಳು.

ನಾಲ್ಕನೆಯದು ದುಡಿಮೆಯ ಕಾಗದಗಳು. ಕಾರ್ಖಾನೆಯ ಗುರುತಿನ ಚೀಟಿ, ಸಂಬಳದ ಚೀಟಿ, ಭವಿಷ್ಯನಿಧಿಯ ಲೆಕ್ಕ, ಸ್ತ್ರೀಶಕ್ತಿ ಸಂಘದ ಉಳಿತಾಯದ ಪುಸ್ತಕ. ಭವಿಷ್ಯನಿಧಿಯ ಹಣವನ್ನು ಹಿಂದೆಗೆಯುವ ನಿಯಮವನ್ನು ಸರ್ಕಾರವು ಬಿಗಿಗೊಳಿಸಿದುದನ್ನು ವಿರೋಧಿಸಿ, ೨೦೧೬ರ ಏಪ್ರಿಲ್ ತಿಂಗಳಲ್ಲಿ ಬೆಂಗಳೂರಿನ ಸಿದ್ಧಉಡುಪು ಕಾರ್ಖಾನೆಗಳ ಸಾವಿರಾರು ಹೆಂಗಸರು ಬೀದಿಗಿಳಿದರು. ಎರಡೇ ದಿನಗಳಲ್ಲಿ ಆ ನಿಯಮವು ಹಿಂತೆಗೆಯಲ್ಪಟ್ಟಿತು. ದೇಶದ ಸರ್ಕಾರವೇ ಮಣಿದ ಆ ಪ್ರಸಂಗದಲ್ಲಿ ಭಾಗಿಗಳಾದವರ ಹೆಸರುಗಳನ್ನು ಬರೆದಿಟ್ಟವರಾರು? ಅಂತಹವಳ ಮನೆಯಲ್ಲಿ ಆ ತಿಂಗಳ ಸಂಬಳದ ಚೀಟಿಯೊಂದು ಉಳಿದಿದ್ದರೆ, ಅವಳು ಅಲ್ಲಿದ್ದಳೆಂಬುದಕ್ಕೆ ಅದೇ ಶಾಸನ.

ಐದನೆಯದು ಭೂಮಿಯ ಕಾಗದಗಳು. ಇದರ ವಿಷಯದಲ್ಲಿ ಸ್ವಲ್ಪ ಹೆಚ್ಚಾಗಿ ಹೇಳಬೇಕಾಗಿದೆ. ಏಕೆಂದರೆ ಹೊಲವು ನಿವೇಶನವಾದ ಈ ಸೀಮೆಯಲ್ಲಿ ಇದು ಕೇವಲ ಸ್ಮರಣೆಯ ವಿಷಯವಲ್ಲ, ಅನ್ನದ ವಿಷಯ. ಮೈಸೂರು ಸಂಸ್ಥಾನವು ೧೯೩೩ರಲ್ಲಿಯೇ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆಯನ್ನು ಮಾಡಿ, ಅವಿಭಕ್ತ ಕುಟುಂಬದ ವಿಭಾಗಕಾಲದಲ್ಲಿ ತಾಯಿ, ವಿಧವೆ, ಅವಿವಾಹಿತೆಯಾದ ಮಗಳು ಮುಂತಾದವರಿಗೆ ಪಾಲನ್ನು ಗೊತ್ತುಮಾಡಿತು. ೧೯೯೪ರಲ್ಲಿ ಕರ್ನಾಟಕವು ತಿದ್ದುಪಡಿಯನ್ನು ತಂದು ಪಿತ್ರಾರ್ಜಿತದಲ್ಲಿ ಮಗಳಿಗೆ ಮಗನ ಸಮಾನವಾದ ಹಕ್ಕನ್ನು ಕೊಟ್ಟಿತು. ಆದರೆ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. ೨೦೦೫ರ ಕೇಂದ್ರದ ತಿದ್ದುಪಡಿಯು ಆ ಭೇದವನ್ನು ಇಡಲಿಲ್ಲ. ೨೦೨೦ರಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ಹಕ್ಕು ಹುಟ್ಟಿನಿಂದಲೇ ಬರುವುದೆಂದೂ ತಂದೆಯು ೨೦೦೫ರಲ್ಲಿ ಬದುಕಿರಬೇಕಾದ ಆವಶ್ಯಕತೆಯಿಲ್ಲವೆಂದೂ ತೀರ್ಮಾನಿಸಿತು. ಈಗ ವಾಚಕರು ವಿಚಾರಿಸಲಿ: ೧೯೯೪ರಿಂದ ೨೦೦೫ರವರೆಗೆ ಒಬ್ಬ ಹೆಣ್ಣುಮಗಳು ಯಾವ ದಿನ ಮದುವೆಯಾದಳೆಂಬುದರ ಮೇಲೆ ಅವಳ ಪಾಲು ನಿಂತಿತ್ತು. ಅದನ್ನು ತೋರಿಸುವ ಕಾಗದ ಯಾವುದು? ಹಳದಿ ಮೂಲೆಯ ಲಗ್ನಪತ್ರಿಕೆಯೇ. ಇನ್ನು ಅರಿಸಿನ ಕುಂಕುಮ, ಒಂದು ಸೀರೆ, ಸ್ವಲ್ಪ ಹಣವನ್ನು ಕೊಟ್ಟು ಹೆಣ್ಣುಮಕ್ಕಳಿಂದ ಬರೆಯಿಸಿಕೊಳ್ಳುವ ಹಕ್ಕುಬಿಡುಗಡೆಯ ಪತ್ರಗಳುಂಟು. ಆ ಪತ್ರದ ಕೆಳಗಿನ ಹೆಬ್ಬೆಟ್ಟಿನ ಗುರುತು ಒಮ್ಮೆ ವಿಶ್ವಾಸದ ಗುರುತು, ಒಮ್ಮೆ ನಿರುಪಾಯದ ಗುರುತು. ಎಷ್ಟೋ ಹೆಂಗಸರ ಇಡೀ ಬಾಳಿನಲ್ಲಿ ಸರ್ಕಾರದ ಕಾಗದದ ಮೇಲೆ ಬಿದ್ದ ಒಂದೇ ಗುರುತು ತನ್ನದನ್ನು ಬಿಟ್ಟುಕೊಟ್ಟ ಗುರುತಾಗಿದೆ. ಈ ಸತ್ಯವನ್ನು ಬಿಟ್ಟು ಈ ಸೀಮೆಯ ಚರಿತ್ರೆಯನ್ನು ಬರೆದರೆ ಅದು ಅರ್ಧ ಚರಿತ್ರೆ.

ಇಲ್ಲಿ ಎರಡು ಆಕ್ಷೇಪಗಳು ಏಳುವುದು ಸಹಜ. ಮನೆಯ ಮಾತನ್ನು ಬೀದಿಗೆ ತರಬಹುದೇ ಎಂಬುದು ಮೊದಲನೆಯದು. ಈ ಆಕ್ಷೇಪವನ್ನು ಹಗುರವಾಗಿ ಕಾಣಲಾಗದು. ಪತ್ರದಲ್ಲಿ ಅತ್ತೆಯ ಮೇಲಿನ ದೂರು ಇರಬಹುದು, ಸಾಲದ ಸುದ್ದಿ ಇರಬಹುದು, ಯಾರಿಗೂ ಹೇಳದ ಕಣ್ಣೀರಿರಬಹುದು. ಇದಕ್ಕೆ ಸಮಾಧಾನವೇನೆಂದರೆ, ಕಾಪಾಡುವುದು ಬೇರೆ, ಪ್ರಕಟಿಸುವುದು ಬೇರೆ. ಬರೆದವಳು ಬದುಕಿದ್ದರೆ ಅವಳ ಅಪ್ಪಣೆಯೇ ಪ್ರಮಾಣ, ಗಂಡನದಲ್ಲ, ಮಗನದಲ್ಲ. ಅವಳು ಇಲ್ಲದಿದ್ದರೆ, ಇಂತಿಷ್ಟು ವರ್ಷಗಳವರೆಗೆ ತೆರೆಯಬಾರದೆಂದು ಮುದ್ರೆ ಹಾಕಿ ಇಡಬಹುದು. ದೊಡ್ಡ ದಫ್ತರಖಾನೆಗಳಲ್ಲೆಲ್ಲ ಇಂತಹ ಕಟ್ಟಳೆಯುಂಟು. ಸುಡುವುದೊಂದೇ ಮಾನವನ್ನು ಕಾಯುವ ಮಾರ್ಗವಲ್ಲ.

ಎರಡನೆಯ ಆಕ್ಷೇಪವು ಇನ್ನೂ ಗುರುತರವಾದುದು. ಕಾಗದವನ್ನು ಇಟ್ಟವರು ಅಕ್ಷರ ಬಲ್ಲವರು, ಪೆಟ್ಟಿಗೆಯಿದ್ದವರು ಸ್ಥಿತಿವಂತರು. ಅವರ ಕಾಗದಗಳನ್ನಷ್ಟೇ ಕೂಡಿಟ್ಟರೆ, ಕಟ್ಟಿಸಿದವನ ಹೆಸರನ್ನು ಬರೆದು ಮಣ್ಣು ಹೊತ್ತವಳನ್ನು ಬಿಟ್ಟ ಕಲ್ಲಿನ ರೂಢಿಯನ್ನೇ ನಾವು ಮುಂದುವರಿಸಿದಂತಾಗುವುದಿಲ್ಲವೆ? ಆಗುವುದು, ಸಂಶಯವಿಲ್ಲ. ಆದುದರಿಂದ ಕಾಗದವಿಲ್ಲದವರ ಮಾತನ್ನು ಧ್ವನಿಗ್ರಹಣದ ಯಂತ್ರದಲ್ಲಿ ಹಿಡಿದಿಡಬೇಕು. ಹೊಲದ ಕೂಲಿಯವಳು, ಸೂಲಗಿತ್ತಿ, ಬಳೆಗಾರ್ತಿ, ರೈಲಿನಲ್ಲಿ ಸೊಪ್ಪು ಮಾರಲು ಹೋಗುತ್ತಿದ್ದವಳು, ಉತ್ತರದಿಂದ ಬಂದು ಕಟ್ಟಡದ ಇಟ್ಟಿಗೆಯನ್ನು ಹೊತ್ತವಳು, ವೈಟ್‌ಫೀಲ್ಡಿನ ಬಂಗಲೆಗಳಲ್ಲಿ ಅಡಿಗೆಯವಳಾಗಿದ್ದವಳು, ಇವರೆಲ್ಲರೂ ಈ ಸೀಮೆಯ ಚರಿತ್ರೆಗೆ ಹಕ್ಕುದಾರರು. ಮಾತನ್ನು ಹಿಡಿದ ದಿನ, ಸ್ಥಳ, ಹೇಳಿದವಳ ಹೆಸರು, ಅಂದಾಜು ವಯಸ್ಸು, ಕೇಳಿದವರ ಹೆಸರು ಇವಿಷ್ಟನ್ನೂ ಬರೆಯದಿದ್ದರೆ ಆ ಶ್ರಮವು ವ್ಯರ್ಥ. ಅಂಕಿತವಿಲ್ಲದ ವಚನವು ಯಾರದೆಂದು ವಿದ್ವಾಂಸರು ತಡಕಾಡುವುದನ್ನು ನಾವು ಕಂಡಿಲ್ಲವೇ?

ಸಂರಕ್ಷಣೆಯ ಕ್ರಮವು ಕಠಿನವೇನೂ ಅಲ್ಲ. ವೃತ್ತಪತ್ರಿಕೆಯ ಕಾಗದವು ಅಗ್ಗದ ಮರದ ತಿರುಳಿನಿಂದ ಆದುದರಿಂದ ಬೆಳಕಿಗೂ ಗಾಳಿಗೂ ಬೇಗನೆ ಹಳದಿಯಾಗಿ ಮುರಿಯುತ್ತದೆ, ಮಗ್ಗುಲಿನ ಒಳ್ಳೆಯ ಕಾಗದವನ್ನೂ ಕೆಡಿಸುತ್ತದೆ. ಅದನ್ನು ಬೇರೆಯಾಗಿ ಇಡಬೇಕು. ಹರಿದುದನ್ನು ಅಂಟುಪಟ್ಟಿಯಿಂದ ಜೋಡಿಸಬಾರದು. ಆ ಅಂಟು ಕೆಲವು ವರ್ಷಗಳಲ್ಲಿ ಕಂದುಬಣ್ಣಕ್ಕೆ ತಿರುಗಿ ಕಾಗದವನ್ನು ತಿನ್ನುತ್ತದೆ. ಗುಂಡುಸೂಜಿಯೂ ತಂತಿಯ ಕೊಂಡಿಯೂ ತುಕ್ಕು ಹಿಡಿಯುವುದರಿಂದ ಅವುಗಳನ್ನು ತೆಗೆದುಹಾಕಿ ಹತ್ತಿಯ ದಾರದಿಂದ ಕಟ್ಟಬೇಕು. ಭಾವಚಿತ್ರದ ಬೆನ್ನಿಗೆ ಶಾಯಿಯಿಂದ ಬರೆಯದೆ ಮೆತ್ತನೆಯ ಸೀಸದ ಕಡ್ಡಿಯಿಂದ, ಒತ್ತದೆ, ಹೆಸರನ್ನೂ ವರ್ಷವನ್ನೂ ಬರೆಯಬೇಕು. ಅಂಟಿನ ಹಾಳೆಗಳುಳ್ಳ ಆಲ್ಬಂಗಳಿಂದ ದೂರವಿಡಬೇಕು. ಕಾಗದಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟದೆ, ಒಗೆದ ಹತ್ತಿಯ ಬಟ್ಟೆಯಲ್ಲಿ ಸುತ್ತಿ, ನೆಲದಿಂದ ಮೇಲಕ್ಕೆ, ಗೋಡೆಯಿಂದ ದೂರಕ್ಕೆ, ಗಾಳಿಯಾಡುವ ಕಡೆ ಇಡಬೇಕು. ನಮ್ಮ ಹಿರಿಯರು ಓಲೆಯನ್ನು ಬಟ್ಟೆಯಲ್ಲಿ ಸುತ್ತಿದ್ದು ಅರಿಯದೆ ಮಾಡಿದ ಕೆಲಸವಲ್ಲ. ಅಂಟುಪುಸ್ತಕವನ್ನಂತೂ ಎಂದಿಗೂ ಬಿಚ್ಚಿ ಬೇರೆ ಕ್ರಮದಲ್ಲಿ ಜೋಡಿಸಬಾರದು. ಅವಳು ಇಟ್ಟ ಕ್ರಮವೇ ಅವಳ ಮಾತು. ಎಲ್ಲಕ್ಕಿಂತ ಮುಖ್ಯವಾಗಿ, ಪ್ರತಿಯೊಂದು ಪುಟದ ಛಾಯಾಚಿತ್ರವನ್ನು ತೆಗೆದು ಎರಡು ಮೂರು ಸ್ಥಳಗಳಲ್ಲಿ ಇಡಬೇಕು. ಕೈಯಲ್ಲಿನ ದೂರವಾಣಿಯಿಂದಲೇ ಇಂದು ಈ ಕೆಲಸವು ಸಾಧ್ಯ. ಅತ್ತಿಮಬ್ಬೆಯು ಸಾವಿರ ಪ್ರತಿಗಳಿಗೆ ಲಿಪಿಕಾರರನ್ನು ನೇಮಿಸಬೇಕಾಯಿತು. ನಮಗೆ ಒಂದು ಮಧ್ಯಾಹ್ನ ಸಾಕು. ಆದರೆ ಪ್ರತಿಯು ದೊರೆಯಿತೆಂದು ಮೂಲವನ್ನು ಎಸೆಯುವುದು ಅವಿವೇಕ.

ಇದನ್ನು ಮಾಡತಕ್ಕವರು ಯಾರು? ೧೯೭೩ರಲ್ಲಿ ಸ್ಥಾಪಿತವಾದ ರಾಜ್ಯ ಪತ್ರಾಗಾರ ಇಲಾಖೆಯುಂಟು. ೧೯೦೯ರಲ್ಲಿ ಹುಟ್ಟಿದ ಮಿಥಿಕ್ ಸೊಸೈಟಿಯುಂಟು. ಬೆಂಗಳೂರಿನ ಸುತ್ತಲಿನ ಶಿಲಾಶಾಸನಗಳನ್ನು ಯಂತ್ರದಿಂದ ಮೂರು ಆಯಾಮದಲ್ಲಿ ಚಿತ್ರಿಸಿ ಉಳಿಸುವ ಸ್ತುತ್ಯಕಾರ್ಯವನ್ನು ಆ ಸೊಸೈಟಿಯು ೨೦೨೧ರಲ್ಲಿ ಕೈಗೊಂಡಿತು. ಕಲ್ಲಿಗೆ ದೊರೆತ ಈ ಭಾಗ್ಯವು ಕಾಗದಕ್ಕೂ ದೊರೆಯಬೇಕಾದರೆ ಊರಿನವರೇ ಮುಂದಾಗಬೇಕು. ಮನೆಯ ಪೆಟ್ಟಿಗೆಯ ಬೀಗವನ್ನು ಸರ್ಕಾರದ ಅಧಿಕಾರಿಯು ಬಂದು ತೆರೆಯಲಾರನು. ಊರಿನ ಶಾಲೆ, ಗ್ರಂಥಾಲಯ, ಹೆಣ್ಣುಮಕ್ಕಳ ಸಂಘ, ಮಠ ಇವುಗಳಲ್ಲಿ ಒಂದು ಕಪಾಟನ್ನು ಇದಕ್ಕಾಗಿ ತೆಗೆದಿಟ್ಟು, ಮೂಲವನ್ನು ಮನೆಯವರಲ್ಲಿಯೇ ಬಿಟ್ಟು ಪ್ರತಿಯನ್ನು ಅಲ್ಲಿಟ್ಟರೆ ಸಾಕು. ಓಲೆಯ ಕಟ್ಟುಗಳನ್ನು ಶತಮಾನಗಳ ಕಾಲ ಜೋಪಾನಮಾಡಿದ ಮಠಗಳಿಗೆ ಇದು ಹೊಸ ಕೆಲಸವಲ್ಲ. ಹಳೆಯ ಕೆಲಸದ ಮುಂದುವರಿಕೆಯೇ. ಜಾತಿಮತಗಳ ಭೇದವಿಲ್ಲದೆ ಎಲ್ಲರ ಮನೆಯ ಕಾಗದವೂ ಆ ಕಪಾಟಿನಲ್ಲಿ ಒಂದೇ ಸಾಲಿನಲ್ಲಿರಬೇಕೆಂಬುದು ಮಾತ್ರ ನಿಯಮವಾಗಬೇಕು. ಅದರ ಬೀಗದ ಕೈ ಊರಿನ ಹೆಂಗಸರ ಕೈಯಲ್ಲಿರುವುದು ಇನ್ನೂ ಲೇಸು.

ಕೊಟ್ಟಣದ ಸೋಮವ್ವೆಯ ಒಂದು ವಚನವನ್ನು ಉಳಿಸಿದವರು ಯಾರೆಂದು ನಾವು ಹೆಸರಿಸಲಾರೆವು. ಅವರಿಗೆ ತಾವು ಸಾಹಿತ್ಯವನ್ನು ಉಳಿಸುತ್ತಿದ್ದೇವೆಂಬ ಅರಿವೂ ಇದ್ದಿರಲಾರದು. ಎಸೆಯಬಾರದೆಂಬ ಒಂದು ಭಾವನೆಯಿತ್ತು, ಅಷ್ಟೇ. ಆ ಭಾವನೆಯು ನಮ್ಮಲ್ಲಿಯೂ ಇರಲಿ. ಈ ಸಂಚಿಕೆಯನ್ನು ಓದಿದ ಸದ್ಗೃಹಸ್ಥರು ಮನೆಯ ಹಿರಿಯ ಹೆಣ್ಣುಮಗಳನ್ನು ಕರೆದು, ಅವಳ ಮುಂದೆಯೇ ಪೆಟ್ಟಿಗೆಯನ್ನು ತೆರೆದು, ಒಂದೊಂದು ಕಾಗದವೂ ಯಾರದೆಂದು ಕೇಳಿ ಬರೆದುಕೊಳ್ಳಲಿ. ಹೇಳಬಲ್ಲವಳು ಇರುವಾಗಲೇ ಕೇಳತಕ್ಕದ್ದು. ಮುಂದಿನ ಉತ್ಸವದ ಹೊತ್ತಿಗೆ ಕಾಡುಗೋಡಿಯಂತಹ ಒಂದೊಂದು ಊರಿನ ಚರಿತ್ರೆಯೂ ಅದರ ಹೆಂಗಸರ ಹೆಸರುಗಳೊಡನೆ ಬರೆಯಲ್ಪಡಲಿ ಎಂದು ಹಾರೈಸಿ ಈ ಲೇಖನವನ್ನು ಮುಗಿಸುತ್ತೇನೆ.